ಉತ್ತರ ಬೆಂಗಳೂರಿನಲ್ಲಿ ಫ್ಲ್ಯಾಟ್: ನೋಂದಣಿ ದಿನ ಎಷ್ಟು ಕಟ್ಟಬೇಕು?

ಯಲಹಂಕದಲ್ಲೋ ಹೆಬ್ಬಾಳದಲ್ಲೋ 80 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಳ್ತೀರಿ ಅಂದ್ಕೊಳ್ಳಿ. ನೋಂದಣಿಗೆ ಅಂತ ರಾಜ್ಯ ಸರ್ಕಾರಕ್ಕೆ ಕಟ್ಟಬೇಕಾದದ್ದು 6.08 ಲಕ್ಷ.

ಲೆಕ್ಕ ಹೀಗಿದೆ. ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್‌ಚಾರ್ಜ್: 48 ಸಾವಿರ. ನೋಂದಣಿ ಶುಲ್ಕ ಶೇ 2: 1.6 ಲಕ್ಷ. ಈ ಕೊನೆಯದ್ದು ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ದುಪ್ಪಟ್ಟಾಯಿತು.

ಯಾವ ಬೆಲೆಯ ಮೇಲೆ?
ನೀವು ಕೊಟ್ಟ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ದರ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಮಾರ್ಗಸೂಚಿ ದರವನ್ನು 2023ರ ಅಕ್ಟೋಬರ್ 1ರಿಂದ ಏರಿಸಲಾಗಿದೆ.

ಸಾಲದಲ್ಲಿ ಸೇರಲ್ವಾ?
ಸಾಮಾನ್ಯವಾಗಿ ಇಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ, ಎಷ್ಟು ಸಾಲ ಕೊಡಬಹುದು ಅಂತ ಲೆಕ್ಕ ಹಾಕುವಾಗ ಮನೆಯ ಬೆಲೆಗೆ ಈ ಶುಲ್ಕಗಳನ್ನು ಸೇರಿಸುವಂತಿಲ್ಲ. 10 ಲಕ್ಷದೊಳಗಿನ ಮನೆಗೆ ಮಾತ್ರ ವಿನಾಯಿತಿ. 80 ಲಕ್ಷದ ಮನೆಗೆ ಶೇ 80ರಷ್ಟು, ಅಂದರೆ 64 ಲಕ್ಷ ಸಾಲ ಸಿಕ್ಕರೂ ಉಳಿದ 16 ಲಕ್ಷದ ಜೊತೆ ಈ 6.08 ಲಕ್ಷವನ್ನೂ ಕೈಯಿಂದಲೇ ಹೊಂದಿಸಬೇಕು. ಮಾಸಿಕ ಕಂತು ಕಟ್ಟುವ ತಾಕತ್ತಿರುವ ಸಂಬಳದಾರರೂ ಮುಗ್ಗರಿಸೋದು ಇಲ್ಲೇ.

ರಿಯಾಯಿತಿ ಯಾರಿಗೆ?
ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ 20 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 2, ಅಲ್ಲಿಂದ 45 ಲಕ್ಷದವರೆಗೆ ಶೇ 3. ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಹಳೇ ಫ್ಲ್ಯಾಟ್ ಕೊಂಡರೆ ಈ ರಿಯಾಯಿತಿ ಇಲ್ಲ.

ಮಿತಿ ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 5. 45 ಲಕ್ಷಕ್ಕೆ ಶುಲ್ಕ 1.35 ಲಕ್ಷ, 46 ಲಕ್ಷಕ್ಕೆ 2.30 ಲಕ್ಷ. ಬೆಲೆ ಒಂದು ಲಕ್ಷ ಏರಿದರೆ ಶುಲ್ಕ 95 ಸಾವಿರ ಏರುತ್ತೆ!

ಸರ್ಕಾರದ ವಾದವೇನು?
ನೆರೆ ರಾಜ್ಯಗಳಲ್ಲಿ ಇನ್ನೂ ಜಾಸ್ತಿ ಅನ್ನೋದು. ಕೆಲವು ರಾಜ್ಯಗಳ ಮಟ್ಟಿಗೆ ನಿಜವೇ: ಎರಡೂ ಶುಲ್ಕ ಸೇರಿ ತಮಿಳುನಾಡಿನಲ್ಲಿ ಶೇ 9, ಕೇರಳದಲ್ಲಿ ಶೇ 10, ಬೆಂಗಳೂರಿನಲ್ಲಿ ಶೇ 7.6. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆಗಳು ಉಳಿದಿರೋದೂ ಕೆಲವೇ.

ಆದರೆ 45 ಲಕ್ಷದ ಮಿತಿ 2021ರ ಬಜೆಟ್ಟಿನದು. ಅದಾದ ಮೇಲೆ ಮಾರ್ಗಸೂಚಿ ದರ ಏರಿತು, ನೋಂದಣಿ ಶುಲ್ಕ ಏರಿತು, ರಿಯಾಯಿತಿಯ ಮಿತಿ ಮಾತ್ರ ಕದಲಲಿಲ್ಲ. ಹೀಗಾದರೆ ದರ ಏರಿಸದೆಯೂ ತೆರಿಗೆ ಏರುತ್ತೆ. ಮಾರ್ಗಸೂಚಿ ದರ ಪರಿಷ್ಕರಿಸಿದಾಗಲೆಲ್ಲ ಈ ಮಿತಿಯನ್ನೂ ಪರಿಷ್ಕರಿಸಿ ಅಂತ ಶಾಸಕರನ್ನು ಕೇಳೋದು ಮೊದಲ ಮನೆ ಕೊಳ್ಳುವವರ ನ್ಯಾಯವಾದ ಬೇಡಿಕೆ.