ನಿಮ್ಮ ಬ್ರೌಸರ್ ಒಳಗಿನ ವಿ8: ಯಾವ ಭಾಗ ಏನು ಮಾಡುತ್ತೆ, ಅಪಾಯ ಎಲ್ಲಿದೆ?

ಇದನ್ನು ನೀವು ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಓದುತ್ತಿದ್ದರೆ, ಒಳಗೆ ವಿ8 ಎಂಬ ಎಂಜಿನ್ ಓಡುತ್ತಿದೆ ಎಂದರ್ಥ. ಜಾವಾಸ್ಕ್ರಿಪ್ಟ್ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವಂತೆ ಮಾಡಿ ಓಡಿಸೋದು ಅದರ ಕೆಲಸ. ಗೂಗಲ್ 2008ರಲ್ಲಿ ಕ್ರೋಮ್ ಜೊತೆಗೇ ಇದನ್ನು ಓಪನ್ ಸೋರ್ಸ್ ಆಗಿ ಹೊರತಂದಿತು. ಎಡ್ಜ್, ನೋಡ್ ಜೆಎಸ್ ಕೂಡ ಬಳಸೋದು ಇದನ್ನೇ.

ಮೊದಲಿಗೆ ಪಾರ್ಸರ್. ಕೋಡನ್ನು ತುಂಡು ಮಾಡಿ, ವ್ಯಾಕರಣ ನೋಡಿ, ಮರದಂಥ ರಚನೆ ಕಟ್ಟುತ್ತದೆ. ಸ್ವಲ್ಪ ಸೋಮಾರಿ ಕೂಡ; ಸದ್ಯಕ್ಕೆ ಬೇಡದ ಫಂಕ್ಷನ್‌ಗಳನ್ನು ಮೇಲ್ಮೇಲೆ ನೋಡಿ ಮುಂದೆ ಹೋಗುತ್ತದೆ. ಆ ಮರದಿಂದ ಇಗ್ನಿಷನ್ ಎಂಬ ಇಂಟರ್‌ಪ್ರಿಟರ್ ಬೈಟ್‌ಕೋಡ್ ತಯಾರಿಸಿ ಓಡಿಸಲು ಶುರು ಮಾಡುತ್ತದೆ. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸೋದಕ್ಕೆ ಒರಿನೊಕೊ ಎಂಬ ಗಾರ್ಬೇಜ್ ಕಲೆಕ್ಟರ್ ಇದೆ.

ಅಸಲಿ ಆಟ ಇರೋದು ಜಿಟ್ ಕಂಪೈಲರ್‌ಗಳಲ್ಲಿ. ಇಂಟರ್‌ಪ್ರಿಟರ್ ನಿಧಾನ. ಹಾಗಾಗಿ ಪದೇಪದೇ ಓಡುವ ಫಂಕ್ಷನ್‌ಗಳನ್ನು ವಿ8 ಗುರುತಿಟ್ಟುಕೊಂಡು, ಪ್ರೋಗ್ರಾಂ ಓಡುತ್ತಿರುವಾಗಲೇ ಮಷೀನ್ ಕೋಡ್‌ಗೆ ಇಳಿಸುತ್ತದೆ. ಸ್ಪಾರ್ಕ್‌ಪ್ಲಗ್, ಮ್ಯಾಗ್ಲೆವ್, ಟರ್ಬೋಫ್ಯಾನ್ ಅಂತ ಮೂರು ಮೆಟ್ಟಿಲು. ಸ್ಪಾರ್ಕ್‌ಪ್ಲಗ್ ಇದ್ದದ್ದನ್ನು ಇದ್ದ ಹಾಗೆ ಬೇಗ ಇಳಿಸುತ್ತದೆ ಅಷ್ಟೇ. ಟರ್ಬೋಫ್ಯಾನ್ ಹಾಗಲ್ಲ, ಊಹೆ ಮಾಡುತ್ತದೆ: "ಈ ಫಂಕ್ಷನ್‌ಗೆ ಇಲ್ಲಿವರೆಗೆ ಬರೀ ಸಂಖ್ಯೆಗಳೇ ಬಂದಿವೆ, ಮುಂದೆಯೂ ಬರುತ್ತವೆ." ಊಹೆ ಸರಿ ಇರೋತನಕ ವೇಗವೋ ವೇಗ. ಅಲ್ಲೊಂದು ಅಕ್ಷರಮಾಲೆ ಬಂತೋ, ತಪಾಸಣೆಯಲ್ಲಿ ಸಿಕ್ಕಿಬಿದ್ದು ಕೆಲಸ ವಾಪಸ್ ಇಗ್ನಿಷನ್‌ಗೆ.

ಆದರೆ ಆ ತಪಾಸಣೆಯನ್ನೇ ಕಂಪೈಲರ್ "ಇದು ಅನಗತ್ಯ" ಅಂತ ತಪ್ಪಾಗಿ ಕಿತ್ತುಹಾಕಿದರೆ? ಸಂಖ್ಯೆ ಅಂದುಕೊಂಡಿದ್ದು ಮೆಮೊರಿಯ ವಿಳಾಸವಾಗಿರಬಹುದು. ದಾಳಿಕೋರರಿಗೆ ಬೇಕಾಗಿರೋದು ಅದೇ ಸಂದು. 2019ರ ನಂತರ ವಿ8ನಲ್ಲಿ ದಾಖಲಾದ ಭದ್ರತಾ ದೋಷಗಳಲ್ಲಿ ಸುಮಾರು ಶೇ. 45ರಷ್ಟು ಜಿಟ್‌ಗೆ ಸಂಬಂಧಿಸಿದ್ದು ಅಂತ ಮೈಕ್ರೋಸಾಫ್ಟ್‌ನ ಎಡ್ಜ್ ತಂಡವೇ 2021ರಲ್ಲಿ ಹೇಳಿತ್ತು.

ಇದು ಎಂಜಿನಿಯರ್‌ಗಳ ತಲೆನೋವು ಮಾತ್ರ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಭಾರತದ ಹಲವು ವಿರೋಧ ಪಕ್ಷದ ನಾಯಕರಿಗೆ, ಪತ್ರಕರ್ತರಿಗೆ "ಪ್ರಭುತ್ವ ಪ್ರಾಯೋಜಿತ ದಾಳಿ"ಯ ಎಚ್ಚರಿಕೆ ಆಪಲ್‌ನಿಂದ ಬಂದಿದ್ದು ನೆನಪಿರಬಹುದು. ಇಂಥವರಿಗಾಗಿಯೇ ಆಪಲ್ 2022ರಲ್ಲಿ ತಂದ ಲಾಕ್‌ಡೌನ್ ಮೋಡ್, ಸಫಾರಿಯ ಜಿಟ್ ಅನ್ನೇ ಬಂದ್ ಮಾಡುತ್ತದೆ. ಸಫಾರಿಯ ಎಂಜಿನ್ ಬೇರೆ, ಆದರೆ ಊಹೆಯ ಆಟ ಅಲ್ಲೂ ಇದೇ.

ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲೂ ಆಪ್ಟಿಮೈಸರ್ ಆಫ್ ಮಾಡುವ ಆಯ್ಕೆ ಇದೆ. ಭಾರೀ ಪುಟಗಳು ಒಂಚೂರು ಕುಂಟುತ್ತವೆ. ಸೂಕ್ಷ್ಮ ಮಾಹಿತಿ ಇಟ್ಟುಕೊಂಡು ಓಡಾಡುವವರಿಗೆ ಅದೇನೂ ದುಬಾರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ.