ಭಾರಿ ನಿರ್ಮಾಣ ಯಂತ್ರಗಳ ಏರ್ ಬ್ರೇಕ್: ದೋಷ ಪತ್ತೆ

ಟಿಪ್ಪರ್, ಡಂಪರ್, ಟ್ರಾನ್ಸಿಟ್ ಮಿಕ್ಸರ್, ಬೋರ್‌ವೆಲ್ ಲಾರಿ ಮತ್ತು ಕೆಲವು ಮಾದರಿಯ ವೀಲ್ ಲೋಡರ್‌ಗಳನ್ನು ನಿಲ್ಲಿಸುವುದು ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿ. ಬ್ರೇಕ್ ಸರಿಯಾಗಿ ಹಿಡಿಯದಿದ್ದಾಗ, ಅಥವಾ ಹಿಡಿದದ್ದು ಬಿಡದಿದ್ದಾಗ, ಸ್ಪ್ಯಾನರ್ ಹಾಕುವ ಮೊದಲು ಕಾರಣವನ್ನು ಗೊತ್ತುಮಾಡಿಕೊಳ್ಳುವ ಕೆಲಸವೇ ದೋಷ ಪತ್ತೆ. ಚೈನ್ ಎಕ್ಸ್‌ಕವೇಟರ್‌ಗೆ ಈ ವ್ಯವಸ್ಥೆಯೇ ಇಲ್ಲ. ಜನ ಜೆಸಿಬಿ ಎಂದೇ ಕರೆಯುವ ಬ್ಯಾಕ್‌ಹೋ ಲೋಡರ್‌ನ ಬ್ರೇಕ್ ಆಯಿಲ್‌ನಿಂದ ನಡೆಯುತ್ತದೆ.

ತುಮಕೂರು ಜಿಲ್ಲೆಯ ಬರಗೂರು ಮತ್ತು ಅದರ ಆಸುಪಾಸಿನ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇಂಥ ಯಂತ್ರಗಳಿಗೆ ಕೆಲಸ ಬಹಳ. ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಸೀಮೆಯ ಉದ್ದಕ್ಕೂ ಹಾಯುವುದರಿಂದ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಿವೆ. 48ನೇ ರಾಷ್ಟ್ರೀಯ ಹೆದ್ದಾರಿ ಶಿರಾದ ಮೂಲಕ ಹೋಗುತ್ತದೆ. ತುಮಕೂರು–ರಾಯದುರ್ಗ ರೈಲು ಮಾರ್ಗ, ಭದ್ರಾ ಮೇಲ್ದಂಡೆ ಕಾಲುವೆ, 2019ರಲ್ಲಿ ಪೂರ್ಣಗೊಂಡ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇವೆಲ್ಲ ಮಣ್ಣು, ಜಲ್ಲಿ ಸಾಗಿಸುವ ಗಾಡಿಗಳನ್ನು ಬೇಡುವ ಕಾಮಗಾರಿಗಳೇ. ಕ್ವಾರಿಯಿಂದ ಲೋಡು ಹೊತ್ತು ಇಳಿಯುವ ಟಿಪ್ಪರ್‌ಗೆ ಕಲ್ಲುಪುಡಿ, ಬಿಸಿಲು, ಇಳಿಜಾರು ಮೂರೂ ಒಟ್ಟಿಗೆ ಎದುರಾಗುತ್ತವೆ.

ಗಾಳಿಯ ದಾರಿ. ಇಂಜಿನ್ ತಿರುಗಿಸುವ ಕಾಂಪ್ರೆಸರ್ ಗಾಳಿಯನ್ನು ಒತ್ತುತ್ತದೆ. ಏರ್ ಡ್ರೈಯರ್ ಅದರ ತೇವ ತೆಗೆಯುತ್ತದೆ. ಒತ್ತಡ ಸುಮಾರು 8 ಕೆ.ಜಿ. (ಪ್ರತಿ ಚದರ ಸೆಂಟಿಮೀಟರಿಗೆ) ಮುಟ್ಟಿದಾಗ ಅನ್‌ಲೋಡರ್ ಹೆಚ್ಚುವರಿ ಗಾಳಿಯನ್ನು ‘ಬುಸ್’ ಎಂದು ಹೊರಗೆ ಬಿಡುತ್ತದೆ. ಟ್ಯಾಂಕುಗಳಿಂದ ಗಾಳಿ ಪೆಡಲ್ ಕೆಳಗಿನ ವಾಲ್ವಿಗೆ, ಅಲ್ಲಿಂದ ರಿಲೇ ವಾಲ್ವಿಗೆ, ಕೊನೆಗೆ ಗಾಲಿಯ ಬಳಿಯ ಬ್ರೇಕ್ ಚೇಂಬರಿಗೆ ಬರುತ್ತದೆ. ಚೇಂಬರಿನ ಡಯಾಫ್ರಂ ತಳ್ಳುವ ರಾಡು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ. ತೋಳಿನ ಜತೆ ಕ್ಯಾಮ್ ತಿರುಗಿ ಲೈನರ್‌ಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಹಿಂದಿನ ಗಾಲಿಗಳಲ್ಲಿ ಇನ್ನೊಂದು ಚೇಂಬರಿದ್ದು, ಅದರೊಳಗಿನ ಬಲವಾದ ಸ್ಪ್ರಿಂಗನ್ನು ಗಾಳಿಯೇ ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಬಿಡುಗಡೆಯಾಗಿ ಬ್ರೇಕ್ ಬೀಳುತ್ತದೆ; ಪಾರ್ಕಿಂಗ್ ಬ್ರೇಕ್ ಎಂದರೆ ಇದೇ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಏರ್ ಬ್ರೇಕಿನ ಪೇಟೆಂಟ್ ಪಡೆದ. ಒತ್ತಡ ಇಳಿದರೆ ಬ್ರೇಕ್ ಹಿಡಿಯಬೇಕು ಎಂಬ ಏರ್ಪಾಟನ್ನು ಅವನು ತಂದದ್ದು ಕೆಲವು ವರ್ಷಗಳ ಮೇಲೆ. ಟಿಪ್ಪರಿನಲ್ಲಿ ಆ ತತ್ವ ಉಳಿದಿರುವುದು ಸ್ಪ್ರಿಂಗ್ ಬ್ರೇಕಿನಲ್ಲಿ ಮಾತ್ರ. ಕಾಲಲ್ಲಿ ಒತ್ತುವ ಬ್ರೇಕಿಗೆ ಗಾಳಿ ಇರಲೇಬೇಕು.

ಮೀಟರ್ ಹೇಳುವುದು, ಹೇಳದಿರುವುದು. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಟ್ಯಾಂಕಿನಲ್ಲಿರುವ ಗಾಳಿಯನ್ನು. ಗಾಲಿ ಎಷ್ಟು ಹಿಡಿಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ‘8 ಕೆ.ಜಿ. ಏರ್ ಇದೆ, ಆದರೂ ಬ್ರೇಕ್ ಇಲ್ಲ’ ಎಂಬ ದೂರು ಬಂದಾಗ ವಾಲ್ವಿಗೆ ಕೈಹಾಕುವವರೇ ಹೆಚ್ಚು. ಬಹುತೇಕ ಸಲ ತಪ್ಪು ವಾಲ್ವಿನದಾಗಿರುವುದಿಲ್ಲ. ಗಾಳಿ ಹುಟ್ಟುತ್ತಿದೆಯೇ, ನಿಲ್ಲುತ್ತಿದೆಯೇ, ಗಾಲಿಯವರೆಗೆ ಹೋಗುತ್ತಿದೆಯೇ, ಹೋದದ್ದು ಹಿಡಿತವಾಗುತ್ತಿದೆಯೇ ಎಂದು ಒಂದಾದ ಮೇಲೊಂದು ಕೇಳಿಕೊಂಡು ಹೋದರೆ ಬಿಡಿಭಾಗದ ಖರ್ಚು ಉಳಿಯುತ್ತದೆ.

ಒತ್ತಡ ಏರುವುದು ತಡವಾದರೆ ಕಾಂಪ್ರೆಸರಿನ ರಿಂಗು, ವಾಲ್ವ್ ಪ್ಲೇಟು ಸವೆದಿರಬಹುದು. ಗಾಳಿ ಎಳೆಯುವ ಫಿಲ್ಟರ್ ಧೂಳಿನಿಂದ ಮುಚ್ಚಿರಬಹುದು. ಕಾಂಪ್ರೆಸರಿನಿಂದ ಹೊರಡುವ ಪೈಪಿನೊಳಗೆ ಕರಿ ಕಟ್ಟಿರಬಹುದು. ಬೇಗ ಏರಿದರೂ ಅನುಮಾನ ಪಡಬೇಕು. ಟ್ಯಾಂಕಿನ ಅರ್ಧ ನೀರೇ ತುಂಬಿದ್ದರೆ ಗಾಳಿಗೆ ಉಳಿಯುವ ಜಾಗ ಕಡಿಮೆ, ಮುಳ್ಳು ಚಕ್ಕನೆ ಮೇಲೇರುತ್ತದೆ. ನಾಲ್ಕು ಸಲ ಪೆಡಲ್ ತುಳಿದರೆ ಅಷ್ಟೇ ಬೇಗ ಇಳಿಯುತ್ತದೆ.

ಪಾವಗಡದಂಥ ಒಣ ಸೀಮೆಯಲ್ಲಿ ನೀರೆಲ್ಲಿಂದ ಎಂದು ಕೇಳುವವರುಂಟು. 8 ಕೆ.ಜಿ. ಒತ್ತಡವೆಂದರೆ ಹೊರಗಿನ ಗಾಳಿಯನ್ನು ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿದಂತೆ. ಸಾಪೇಕ್ಷ ಆರ್ದ್ರತೆ ಶೇ. 12ರಷ್ಟಿದ್ದರೂ ಸಾಕು, ಒತ್ತಿದ ಗಾಳಿ ತಣ್ಣಗಾದಾಗ ನೀರು ಬಿಡತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಟ್ಯಾಂಕಿನ ಕೆಳಗಿನ ಡ್ರೇನ್ ಎಳೆದು ನೋಡಬೇಕಾದ್ದು ಇದಕ್ಕೇ. ಬರೀ ನೀರು ಬಂದರೆ ಡ್ರೈಯರಿನ ಕಾರ್ಟ್ರಿಜ್ ಕೆಲಸ ಮುಗಿಸಿದೆ. ಹಾಲಿನಂಥ ಕಲಕು ಬಂದರೆ ಕಾಂಪ್ರೆಸರ್ ಆಯಿಲ್ ಎಸೆಯುತ್ತಿದೆ. ಹೊಸ ಕಾರ್ಟ್ರಿಜ್ ಹಾಕಿದರೆ ಅದೂ ಬೇಗನೆ ಹಾಳಾಗುತ್ತದೆ. ಬಿಳಿ ಪುಡಿ ಬಂದರೆ ಕಾರ್ಟ್ರಿಜ್ ಒಡೆದು ಅದರೊಳಗಿನ ತೇವ ಹೀರುವ ಹರಳು ವಾಲ್ವುಗಳತ್ತ ಹೊರಟಿದೆ ಎಂದು ತಿಳಿಯಬೇಕು.

ಲೀಕು. ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಟ್ಯಾಂಕ್ ತುಂಬಿಸಿ ಇಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಮುಳ್ಳನ್ನು ನೋಡಬೇಕು. ಅಮೆರಿಕದ ಲಾರಿ ಚಾಲಕರ ಪರೀಕ್ಷೆಯಲ್ಲಿ ಒಂಟಿ ಗಾಡಿಗೆ ಒಪ್ಪುವ ಇಳಿಕೆ ನಿಮಿಷಕ್ಕೆ 2 ಪಿಎಸ್‌ಐ, ಅಂದರೆ ಸುಮಾರು 0.14 ಕೆ.ಜಿ.; ಪೆಡಲ್ ಒತ್ತಿ ಹಿಡಿದಾಗ 3 ಪಿಎಸ್‌ಐ. ಇದಕ್ಕಿಂತ ಬೇಗ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬೇಕು. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ತೊಂದರೆ ಪೆಡಲ್ ವಾಲ್ವಿನಿಂದ ಮುಂದಕ್ಕೆ, ಹೋಸ್ ಅಥವಾ ಡಯಾಫ್ರಂನಲ್ಲಿ.

ಅತಿ ಹೆಚ್ಚು ಮೋಸ ಮಾಡುವುದು ರಿಲೇ ವಾಲ್ವಿನ ಎಕ್ಸಾಸ್ಟಿನಿಂದ ಬರುವ ಲೀಕು. ಗಾಳಿ ಅಲ್ಲಿ ಹೊರಬರುತ್ತದೆ, ಆದ್ದರಿಂದ ರಿಲೇ ವಾಲ್ವೇ ಹೋಗಿದೆ ಎಂದು ಹೊಸದನ್ನು ಹಾಕುತ್ತಾರೆ. ಲೀಕು ಹಾಗೇ ಇರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿ ಕಿವಿಗೊಡಬೇಕು. ಸದ್ದು ನಿಂತು, ಬ್ರೇಕ್ ಬಿಟ್ಟೊಡನೆ ಮತ್ತೆ ಬಂದರೆ, ಸ್ಪ್ರಿಂಗ್ ಚೇಂಬರಿನೊಳಗಿನ ಸೀಲ್ ಹೋಗಿದೆ. ಸ್ಪ್ರಿಂಗನ್ನು ಹಿಡಿದಿಡಬೇಕಾದ ಗಾಳಿ ಸೀಲ್ ದಾಟಿ ಪಕ್ಕದ ಚೇಂಬರಿಗೆ ನುಗ್ಗಿ, ಪೈಪಿನಲ್ಲಿ ಹಿಂದಕ್ಕೆ ಬಂದು ರಿಲೇ ಬಾಯಿಂದ ಹೊರಬೀಳುತ್ತಿರುತ್ತದೆ. ಹಿಂದಿನ ಗಾಲಿಗಳ ಪೈಪನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಯಾವ ಚೇಂಬರೆಂದೂ ಗೊತ್ತಾಗುತ್ತದೆ.

ರಾಡಿನ ಓಟ. ಗಾಳಿ ಸರಿಯಿದ್ದೂ ಹಿಡಿತವಿಲ್ಲದಿದ್ದರೆ ಮೊದಲು ಅಳೆಯಬೇಕಾದ್ದು ಚೇಂಬರಿನ ರಾಡು ಎಷ್ಟು ಹೊರಬರುತ್ತದೆ ಎಂಬುದನ್ನು. 30 ಚದರ ಇಂಚಿನ ಡಯಾಫ್ರಂ ಮೇಲೆ 7 ಕೆ.ಜಿ. ಒತ್ತಡ ಬಿದ್ದರೆ ಸುಮಾರು 1,350 ಕೆ.ಜಿ. ಬಲ ಹುಟ್ಟುತ್ತದೆ. ಆದರೆ ಆ ಅಳತೆಯ ಸಾಮಾನ್ಯ ಚೇಂಬರಿನಲ್ಲಿ ರಾಡಿನ ಒಟ್ಟು ಓಟ ಎರಡೂವರೆ ಇಂಚು ಮಾತ್ರ. 2 ಇಂಚು, ಅಂದರೆ 51 ಮಿಲಿಮೀಟರ್ ಮುಟ್ಟಿದರೆ ಅಡ್ಜಸ್ಟ್ ಮಾಡಲೇಬೇಕು. ಲೈನರ್ ಸವೆದಷ್ಟೂ ಓಟ ಉದ್ದವಾಗುತ್ತದೆ. ರಾಡು ಕೊನೆ ಮುಟ್ಟಿದ ಮೇಲೆ ಎಷ್ಟು ಗಾಳಿ ಬಿಟ್ಟರೂ ಲೈನರ್ ಮೇಲೆ ಬಲ ಬೀಳುವುದಿಲ್ಲ. ಇಳಿಜಾರಿನಲ್ಲಿ ಕಾಯ್ದ ಡ್ರಮ್ ಹಿಗ್ಗುವುದರಿಂದ ಓಟ ಇನ್ನಷ್ಟು ಬೇಕಾಗುತ್ತದೆ. ಕ್ವಾರಿಯ ಮೇಲೆ ನಿಂತಾಗ ಹಿಡಿದ ಬ್ರೇಕ್ ಕೆಳಗೆ ಬರುವಷ್ಟರಲ್ಲಿ ಹಿಡಿಯದೆ ಹೋಗುವುದು ಹೀಗೆ. ತಣ್ಣಗಿರುವ ಶೆಡ್ಡಿನಲ್ಲಿ ನೋಡಿ ‘ಎಲ್ಲಾ ಸರಿಯಿದೆ’ ಎಂದರೆ ಸಾಲದು.

ಆಟೊಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಇರುವ ಗಾಡಿಯಲ್ಲೂ ಓಟ ಹೆಚ್ಚಿದ್ದರೆ ಕೈಯಿಂದ ಬಿಗಿ ಮಾಡಿ ಕಳಿಸುವುದು ರೋಗ ಮುಚ್ಚಿಟ್ಟಂತೆ. ಅಡ್ಜಸ್ಟರೇ ಕೆಟ್ಟಿರಬೇಕು, ಇಲ್ಲವೇ ಕ್ಯಾಮ್ ಬುಷ್ ಸವೆದಿರಬೇಕು. ಗ್ರೀಸ್ ಕಾಣದ ಬುಷ್ಷಿಗೆ ಕ್ರಷರಿನ ಧೂಳು ಸೇರಿದರೆ ಸವೆತ ಬೇಗ.

ಸ್ವಲ್ಪ ದೂರ ಓಡಿಸಿ ಪ್ರತಿ ಡ್ರಮ್ಮಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡುವುದು ಒಳ್ಳೆಯ ಪರೀಕ್ಷೆ. ತಣ್ಣಗಿರುವ ಗಾಲಿ ಕೆಲಸ ಮಾಡುತ್ತಿಲ್ಲ. ಅತಿ ಬಿಸಿಯಾದದ್ದು ಬೇರೆಯವುಗಳ ಕೆಲಸವನ್ನೂ ಮಾಡುತ್ತಿದೆ, ಅಥವಾ ಬಿಡದೆ ಉಜ್ಜುತ್ತಿದೆ. ಬಿಡದಿರುವುದಕ್ಕೆ ಶೂ ಎಳೆಯುವ ಸ್ಪ್ರಿಂಗ್ ಮುರಿದಿರಬಹುದು, ಒಳಗೇ ಊದಿದ ಹೋಸ್ ಗಾಳಿಯನ್ನು ಹಿಂದಕ್ಕೆ ಬಿಡದಿರಬಹುದು. ಬೋರ್‌ವೆಲ್ ಲಾರಿಗೆ ಇನ್ನೊಂದು ಕಾರಣ ಸಾಮಾನ್ಯ. ಜಾಕ್ ಮೇಲೆ ಗಂಟೆಗಟ್ಟಲೆ ನಿಂತು ಬ್ರೇಕ್ ಗಾಳಿ ಇಳಿದಿರುತ್ತದೆ. ಕೊರೆಯುವ ದೊಡ್ಡ ಕಾಂಪ್ರೆಸರ್ ಬೇರೆ, ಬ್ರೇಕಿನದು ಬೇರೆ. ಒತ್ತಡ ತುಂಬುವ ಮೊದಲೇ ಹೊರಟರೆ ಸ್ಪ್ರಿಂಗ್ ಅರ್ಧ ಹಿಡಿದೇ ಇದ್ದು ಲೈನರ್ ಸುಡುತ್ತದೆ.

ಲೋಡರ್, ಡಂಪರ್. ಹಲವು ವೀಲ್ ಲೋಡರ್‌ಗಳಲ್ಲಿ ಗಾಳಿ ನೇರವಾಗಿ ಗಾಲಿಗೆ ಹೋಗದೆ ಏರ್ ಬೂಸ್ಟರ್ ಒಂದನ್ನು ತಳ್ಳುತ್ತದೆ; ಬೂಸ್ಟರ್ ಬ್ರೇಕ್ ಆಯಿಲ್ ಮೂಲಕ ಡಿಸ್ಕ್ ಪ್ಯಾಡುಗಳನ್ನು ಒತ್ತುತ್ತದೆ. ಇಲ್ಲಿ ಮುಳ್ಳು ಪೂರ್ತಿ ತೋರಿಸಿ, ಪೆಡಲೂ ಸದ್ದು ಮಾಡಿ, ಗಾಡಿ ಮಾತ್ರ ನಿಲ್ಲದಿದ್ದರೆ ಆಯಿಲ್ ಕಡೆ ನೋಡಬೇಕು. ಗಾಳಿ ಹೊರಹೋಗುವ ತೂತಿನಲ್ಲಿ ಬ್ರೇಕ್ ಆಯಿಲ್ ಜಿನುಗಿದ್ದರೆ ಬೂಸ್ಟರಿನ ಕಪ್ ಹೋಗಿದೆ. ಬ್ರೇಕ್ ಆಯಿಲ್ ಬದಲು ಕೈಗೆ ಸಿಕ್ಕ ಹೈಡ್ರಾಲಿಕ್ ಆಯಿಲ್ ಸುರಿದರೆ ಅದಕ್ಕೆಂದು ಮಾಡಿರದ ರಬ್ಬರುಗಳೆಲ್ಲ ಊದಿಕೊಳ್ಳುತ್ತವೆ. ಮೈಸೂರಿನ ಬಿಇಎಂಎಲ್ ಘಟಕದಲ್ಲಿ ತಯಾರಾಗುವಂಥ ದೊಡ್ಡ ಗಣಿ ಡಂಪರುಗಳಲ್ಲಿ ಇಳಿಜಾರಿನಲ್ಲಿ ವೇಗ ತಡೆಯುವ ರಿಟಾರ್ಡರ್ ಇರುವುದರಿಂದ, ಇಳಿಜಾರಿನ ದೂರಿಗೆ ಅದರ ಆಯಿಲ್ ಬಿಸಿಯನ್ನೂ ಪರಿಶೀಲಿಸಬೇಕು.

ಎಚ್ಚರಿಕೆ. ಲೀಕಾಗುವ ಗಾಲಿಯ ಪೈಪಿಗೆ ಬಿರಡೆ ಹಾಕಿ ಉಳಿದ ಗಾಲಿಗಳ ಬ್ರೇಕಿನಲ್ಲಿ ಲೋಡು ಇಳಿಸುವ ರೂಢಿ ಕ್ಷಮಿಸತಕ್ಕದ್ದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ರಸ್ತೆಗಿಳಿಯುವ ಗಾಡಿಗಳ ಬ್ರೇಕಿಗೆ ಮಾನದಂಡ ಇಟ್ಟಿವೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವೇಳೆ ಅದನ್ನು ನೋಡಲಾಗುತ್ತದೆ. ಎರಡು ಎಫ್‌ಸಿಗಳ ನಡುವಿನ ತಿಂಗಳುಗಳು ಮಾಲೀಕ ಮತ್ತು ಮೆಕ್ಯಾನಿಕ್ ಹೊಣೆ. ಸ್ಪ್ರಿಂಗ್ ಚೇಂಬರಿನ ಹಿಂಭಾಗದ ಕ್ಲ್ಯಾಂಪನ್ನು ಯಾವ ಕಾರಣಕ್ಕೂ ಶೆಡ್ಡಿನಲ್ಲಿ ಬಿಚ್ಚಬಾರದು. ಗಾಳಿ ಪೂರ್ತಿ ಖಾಲಿಯಾಗಿದ್ದರೂ ಒಳಗಿನ ಸ್ಪ್ರಿಂಗ್ ಬಿಗಿಯಾಗಿಯೇ ಇದ್ದು, ಸಿಡಿದರೆ ಎದುರಿದ್ದವರ ಜೀವ ತೆಗೆಯುತ್ತದೆ. ಚೇಂಬರ್ ಇಳಿಸುವಾಗ ಗಾಲಿಗೆ ಕಲ್ಲು ಕೊಟ್ಟು, ಚೇಂಬರಿನ ಜತೆಗೇ ಬರುವ ಬೋಲ್ಟಿನಿಂದ ಸ್ಪ್ರಿಂಗನ್ನು ಎಳೆದು ಕಟ್ಟಬೇಕು; ಕೆಟ್ಟದ್ದನ್ನು ಒಳಗೆ ರಿಪೇರಿ ಮಾಡದೆ ಇಡಿಯಾಗಿ ಬದಲಿಸಬೇಕು.