ಪಾನಕ, ಪಂಚ್ ಮತ್ತು ಅಜ್ಜನ ಮಡಕೆ

ಮನೆಗೆ ನೆಂಟರು ಬಂದರೆ ನೀವು ಮೊದಲು ಏನು ಕೊಡುತ್ತೀರಿ? ಕಾಫಿ ಅಥವಾ ಬಾಟಲಿಯ ತಂಪು ಪಾನೀಯ ಎನ್ನುವವರೇ ಹೆಚ್ಚು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ತೋಡಾರು ಎಂಬ ಊರಿದೆ. ಅದು ನನ್ನ ತಾಯಿಯ ತವರು. ಅಲ್ಲಿ ಅಜ್ಜಿ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಿದ್ದರು. ಬೆಲ್ಲ ಕಬ್ಬಿನದಲ್ಲ, ತಾಳೆಮರದ ಓಲೆಬೆಲ್ಲ. ವಿಶೇಷ ದಿನಗಳಲ್ಲಿ ಅದನ್ನೇ ನೀರಿನಲ್ಲಿ ಕದಡಿ, ಲಿಂಬೆ ಹಿಂಡಿ, ಶುಂಠಿ, ಕರಿಮೆಣಸು ಜಜ್ಜಿ ಹಾಕಿದರೆ ಪಾನಕ. ಯಾರಿಗೆ ಎಷ್ಟು ಕಾರ ಬೇಕೆಂಬುದು ಅಜ್ಜಿಗೆ ಕಂಠಪಾಠ.

ಈ ಪಾನಕವನ್ನು ನೆನಪಿನಲ್ಲಿಟ್ಟುಕೊಂಡು ಸ್ವಲ್ಪ ದೂರ ಹೋಗಿಬರೋಣ. ಸಿನಿಮಾಗಳಲ್ಲಿ ನೀವು ಕೇಳುವ 'ಕಾಕ್‌ಟೇಲ್' ಎಂಬ ಶಬ್ದಕ್ಕೆ 1806ರಲ್ಲಿ ಅಮೆರಿಕದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಅರ್ಥ ಬರೆಯಿತು: ಮದ್ಯ, ಸಕ್ಕರೆ, ನೀರು ಮತ್ತು ಕಹಿ ಸಾರ ಬೆರೆಸಿದ ಪಾನೀಯ. ಆದರೆ ಅದಕ್ಕಿಂತ ಹಳೆಯದು 'ಪಂಚ್'. ಆ ಹೆಸರು ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ 1632ರ ಪತ್ರದಲ್ಲಿಯೇ ಸಿಗುತ್ತದೆ. 1670ರ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ, ಕಾರವಾರವನ್ನೂ ಕಂಡ ವೈದ್ಯ ಜಾನ್ ಫ್ರೈಯರ್, ಐದು ವಸ್ತುಗಳಿಂದ ಮಾಡುವುದರಿಂದ 'ಪಂಚ' ಎಂಬ ಹೆಸರು ಬಂತೆಂದು ಬರೆದಿದ್ದಾನೆ. ಭಾಷಾಶಾಸ್ತ್ರಜ್ಞರೆಲ್ಲರೂ ಇದನ್ನು ಒಪ್ಪುವುದಿಲ್ಲ, ಅದಿರಲಿ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಸಂಬಾರ: ಇವು ಪಂಚ್‌ನ ಐದು ವಸ್ತುಗಳು. ಇದರಿಂದ ಸಾರಾಯಿಯನ್ನು ತೆಗೆದುಬಿಡಿ. ಉಳಿಯುವುದು ಹೆಚ್ಚುಕಡಿಮೆ ನಮ್ಮ ಅಜ್ಜಿಯ ಪಾನಕವೇ ಅಲ್ಲವೇ?

ಆ ಸಾರಾಯಿ ಗೋವೆಯದು, ಕಳ್ಳನ್ನು ಭಟ್ಟಿ ಇಳಿಸಿ ಮಾಡಿದ್ದು. ಇಂಗ್ಲಿಷರು ಕುಡಿದದ್ದು ದಾಖಲಾಗಿದೆ. ಮರ ಹತ್ತಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ತುಳುವಿನಲ್ಲಿ ಕಳ್ಳಿಗೆ 'ಕಳಿ' ಎನ್ನುತ್ತಾರೆ. ಅದನ್ನು ಇಳಿಸುವ ಕಸುಬು ಮೂರ್ತೆ, ಮಾಡುವವರು ಮೂರ್ತೆದಾರರು. ತುಳುನಾಡಿನಲ್ಲಿ ಇದು ಮುಖ್ಯವಾಗಿ ಬಿಲ್ಲವರ ಕಸುಬಾಗಿತ್ತು. ನನ್ನ ಅಜ್ಜ ದಿನಕ್ಕೆ ಎರಡು ಸಲ ಮರ ಹತ್ತುತ್ತಿದ್ದರು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಮೆತ್ತಗೆ ಬಡಿದು, ತುದಿಯನ್ನು ಎಲೆಯಷ್ಟು ತೆಳುವಾಗಿ ಕೊಯ್ದು ಮಡಕೆ ಕಟ್ಟಬೇಕು. ಹೆಚ್ಚು ಬಡಿದರೆ ಹೊಂಬಾಳೆ ಹಾಳು, ಕಡಿಮೆ ಬಡಿದರೆ ರಸವಿಲ್ಲ.

ನಾನು ವಿಜ್ಞಾನ ಓದಿದವನಾದ್ದರಿಂದ ಮಡಕೆಯ ಒಳಗೆ ಇಣುಕದೆ ಮುಂದೆ ಹೋಗಲಾರೆ. ರಸ ತೊಟ್ಟಿಕ್ಕುವಾಗ ಸಿಹಿಯಾಗಿರುತ್ತದೆ. ನೂರರಲ್ಲಿ ಸುಮಾರು 12 ಪಾಲು ಸಕ್ಕರೆ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ಕೂಡಲೇ ಕೆಲಸಕ್ಕೆ ತೊಡಗಿ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ನೊರೆ ಬರುವುದು ಅದರಿಂದಲೇ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸಾನ್ನದ ಹಿಟ್ಟು ಉಬ್ಬಲು ಕಳ್ಳು ಬೆರೆಸುತ್ತಿದ್ದುದೂ ಇದಕ್ಕಾಗಿಯೇ. ಇನ್ನೂ ಬಿಟ್ಟರೆ ಅದು ಹುಳಿಯಾಗಿ ವಿನೆಗರ್ ಆಗುತ್ತದೆ. ಆದರೆ ಮಡಕೆಯ ಒಳಗೆ ಮೊದಲೇ ಸುಣ್ಣ ಬಳಿದಿದ್ದರೆ? ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯಲಾರದು, ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಗಂಟೆಗಟ್ಟಲೆ ಕಾಯಿಸಿದರೆ ಬೆಲ್ಲ. ಒಂದೇ ಮರ, ಒಂದೇ ಕತ್ತಿ. ಅಮಲೋ ಬೆಲ್ಲವೋ ಎಂಬುದನ್ನು ತೀರ್ಮಾನಿಸುವುದು ಒಂದು ಬೆರಳಿನಷ್ಟು ಸುಣ್ಣ!

ಈ ಸುಣ್ಣದ ಹಿಂದೆ ಇತಿಹಾಸವಿದೆ. 1912ರಲ್ಲಿ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಕಳ್ಳು ಇಳಿಸಬಾರದು, ಮಾರಬಾರದು, ಕುಡಿಯಬಾರದು ಎಂಬುದು ಅವರ ಬೋಧನೆ. ಯೋಚಿಸಿ ನೋಡಿ, ಕುಡಿಯುವವನು ಬಿಡಬೇಕಾದದ್ದು ಒಂದು ಚಟ, ಮೂರ್ತೆದಾರ ಬಿಡಬೇಕಾದದ್ದು ಅನ್ನ. ಕೆಲವು ದೈವಗಳಿಗೆ ಕಳ್ಳನ್ನು ಅರ್ಪಿಸುವ ಪದ್ಧತಿಯೂ ಇತ್ತು. ಆಮೇಲೆ ಸರಕಾರವೂ ಬಂತು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿತ್ತು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತಕ್ಕೆ ವ್ಯಾಪಿಸಿತು. ಬೆಲ್ಲಕ್ಕಾಗಿ ಸಿಹಿ ರಸ ಇಳಿಸಲು ಮಾತ್ರ ಅವಕಾಶವಿತ್ತು.

ಅಜ್ಜ ಸುಣ್ಣದ ಮಡಕೆಗೆ ಬಂದದ್ದು ಆಗ. ಗುರುಗಳ ಮಾತಿಗೋ ಪೊಲೀಸರ ಭಯಕ್ಕೋ ಎಂದು ಕೇಳಿದರೆ ನಗುತ್ತಿದ್ದರು. ಕೆಲಸ ಹೆಚ್ಚಿದ್ದು ಅಜ್ಜಿಗೆ. ಬೆಲ್ಲ ಕಾಯಿಸಲು ಸೌದೆ ಬೇಕು, ಹೊಗೆಗೆ ಕಣ್ಣು ಕೊಡಬೇಕು. ಇಷ್ಟು ಮಾಡಿದ ಬೆಲ್ಲವನ್ನು ಆಕೆ ಬಂದವರಿಗೆಲ್ಲ ಕೈತುಂಬ ಕೊಡುತ್ತಿದ್ದರು.

ಹೈಸ್ಕೂಲಿನಲ್ಲಿ ಒಮ್ಮೆ ಮನೆತನದ ಕಸುಬು ಬರೆಯಿರೆಂದು ಹಾಳೆ ಕೊಟ್ಟಿದ್ದರು. ನಾನು 'ಕೃಷಿ' ಎಂದು ಬರೆದೆ. ಪಕ್ಕದಲ್ಲಿ ಕುಳಿತವನು ಇಣುಕುತ್ತಿದ್ದ. ಅಂದು ಸಂಜೆ ಅಜ್ಜನ ಜೊತೆ ಸರಿಯಾಗಿ ಮಾತನಾಡಲಾಗಲಿಲ್ಲ.

ಈ ವಾರದ ಕಾರ್ಯಕ್ರಮಕ್ಕಾಗಿ ಕ್ಯಾಮೆರಾ ಹಿಡಿದು ಮತ್ತೆ ತೋಡಾರಿಗೆ ಹೋದೆವು. ಅಜ್ಜನಿಂದ ಕಸುಬು ಕಲಿತ ನನ್ನ ಮಾವ ಮರ, ಕತ್ತಿ, ಹಳೆಯ ಮಡಕೆ ಎಲ್ಲವನ್ನೂ ಸಂತೋಷದಿಂದ ತೋರಿಸಿದರು. ಮುಖ ತೆಗೆಯುವ ಹೊತ್ತಿಗೆ ಮಾತ್ರ, "ಅದೊಂದು ಬೇಡ ಮಾರಾಯ, ಮೊಮ್ಮಗಳು ಇಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಾಳೆ" ಎಂದರು. ಬಾಗಿಲಲ್ಲಿ ನಿಂತಿದ್ದ ಅವಳು ಏನೋ ಹೇಳಹೊರಟು ಸುಮ್ಮನಾದಳು. ನಾವು ಕ್ಯಾಮೆರಾ ನಿಲ್ಲಿಸಿದೆವು.

ಹಾಗಾಗಿ ಪರದೆಯ ಮೇಲೆ ನೀವು ಕಾಣುವುದು ಹೊಂಬಾಳೆಯನ್ನು ಕೊಯ್ಯುವ ಎರಡು ಕೈಗಳನ್ನು ಮಾತ್ರ. ಆ ಶಾಲೆಯ ಹಾಳೆ ಈಗ ಎಲ್ಲಿಯೂ ಸಿಗದು. ಈ ಪುಟದಲ್ಲಿಯಾದರೂ ತಿದ್ದಿ ಬರೆಯುತ್ತಿದ್ದೇನೆ: ಮನೆತನದ ಕಸುಬು, ಮೂರ್ತೆ.